ಬೇಸಿಗೆ ಹೆಣಿಗೆಗೆ ಲಿನನ್ ಮಿಕ್ಸ್ ನೂಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಲಿನನ್ ಮಿಕ್ಸ್ ನೂಲಿನ ಬಗ್ಗೆನೇ ಇದೆ. ಉಣ್ಣೆ, ಅಕ್ರಿಲಿಕ್‌ನಲ್ಲಿ ಕೈ ಪಳಗಿದವರೂ ಲಿನನ್ ಹಿಡಿದ ತಕ್ಷಣ ಗಾಬರಿ ಆಗ್ತಿದ್ದಾರೆ, ಗಟ್ಟಿ ಅಂತಾರೆ, ಜೋತು ಬೀಳ್ತು ಅಂತಾರೆ, ವಾರೆ ಆಯ್ತು ಅಂತಾರೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಅಕ್ಕಾ, ಬೇಸಿಗೆಗೆ ಒಂದು ಅರ್ಧ ತೋಳಿನ ಟಾಪ್ ಹೆಣೀಬೇಕು ಅಂತ ನೂಲು ನೋಡೋಕೆ ಹೋದ್ರೆ ಒಂದರಲ್ಲಿ ಕಾಟನ್-ಲಿನನ್, ಇನ್ನೊಂದರಲ್ಲಿ ವಿಸ್ಕೋಸ್-ಲಿನನ್, ಮತ್ತೊಂದರಲ್ಲಿ ರೇಷ್ಮೆ-ಲಿನನ್ ಅಂತಿದೆ. ಎಲ್ಲದರ ಮೇಲೂ ಲಿನನ್ ಅಂತ ದೊಡ್ಡದಾಗಿ ಬರೆದಿದೆ. ನಾನು ಲಿನನ್ ಮುಟ್ತಿರೋದು ಇದೇ ಮೊದಲು. ಯಾವುದು ತಗೊಳ್ಳಲಿ?

ಉತ್ತರ: ದೊಡ್ಡದಾಗಿ ಬರೆದಿರೋದನ್ನ ಬಿಡಿ, ಲೇಬಲ್ ತಿರುಗಿಸಿ ಸಣ್ಣ ಅಕ್ಷರದಲ್ಲಿರೋ ಪರ್ಸೆಂಟೇಜ್ ಓದಿ. ಲಿನನ್ ಜೊತೆ ಏನು ಸೇರಿದೆ, ಎಷ್ಟು ಸೇರಿದೆ ಅನ್ನೋದರ ಮೇಲೇನೆ ನಿಮ್ಮ ಟಾಪ್ ಹೇಗೆ ಬರತ್ತೆ ಅನ್ನೋದು ನಿಂತಿದೆ.

ಮೊದಲು ಲಿನನ್ ಯಾಕೆ ಬೇಕು ಅಂತ ನೋಡಿ. ಇದು ಅಗಸೆ ಗಿಡದ ಕಾಂಡದಿಂದ ತೆಗೆಯೋ ನಾರು. ಗಾಳಿಯಲ್ಲಿರೋ ತೇವವನ್ನ ತನ್ನ ತೂಕದ ಸುಮಾರು 12 ಪರ್ಸೆಂಟ್‌ವರೆಗೂ ಹಿಡಿದಿಟ್ಟುಕೊಳ್ಳತ್ತೆ, ಹತ್ತಿ ಸುಮಾರು 8 ಪರ್ಸೆಂಟ್, ಪಾಲಿಯೆಸ್ಟರ್ ಅಂತೂ ಅರ್ಧ ಪರ್ಸೆಂಟ್ ಕೂಡ ಇಲ್ಲ. ಬೆವರನ್ನ ಬೇಗ ಎಳ್ಕೊಳ್ಳತ್ತೆ, ಬೇಗ ಒಣಗತ್ತೆ, ನಾರು ಸ್ವಲ್ಪ ಬಿರುಸಾಗಿರೋದ್ರಿಂದ ಬಟ್ಟೆ ಮೈಗೆ ಅಂಟಿಕೊಳ್ಳದೆ ಕೊಂಚ ದೂರ ನಿಲ್ಲತ್ತೆ, ಮಧ್ಯೆ ಗಾಳಿ ಆಡತ್ತೆ. ಒದ್ದೆ ಆದಾಗ ಇನ್ನೂ ಬಲ ಬರೋ ನಾರು ಇದು, ಹಾಗಾಗಿ ಎಷ್ಟು ಒಗೆದ್ರೂ ತಡ್ಕೊಳ್ಳತ್ತೆ, ಒಗೆದಷ್ಟೂ ಮೆತ್ತಗಾಗತ್ತೆ.

ತೊಂದರೆ ಏನಪ್ಪಾ ಅಂದ್ರೆ ಇದಕ್ಕೆ ಎಳೆತ ಅನ್ನೋದೇ ಇಲ್ಲ. ಉಣ್ಣೆ ನಾರನ್ನ ಎಳೆದ್ರೆ ಮೂವತ್ತು ಪರ್ಸೆಂಟ್‌ಗೂ ಜಾಸ್ತಿ ಹಿಗ್ಗತ್ತೆ, ಲಿನನ್ ನಾರು ಎರಡು-ಮೂರು ಪರ್ಸೆಂಟ್ ಹಿಗ್ಗೋದರೊಳಗೆ ತುಂಡಾಗತ್ತೆ. ನೀವು ಉಣ್ಣೆ, ಅಕ್ರಿಲಿಕ್‌ನಲ್ಲಿ ಹೆಣೆಯೋವಾಗ ನಿಮ್ಮ ಕೈಯ ಸಣ್ಣಪುಟ್ಟ ಏರುಪೇರನ್ನೆಲ್ಲ ಆ ನೂಲೇ ಮುಚ್ಚಿ ಹಾಕತ್ತೆ, ಇಲ್ಲಿ ಆ ಸಹಾಯ ಸಿಗಲ್ಲ. ಅದಕ್ಕೇ ಜೊತೆಗೆ ಇನ್ನೊಂದು ನಾರು ಸೇರಿಸೋದು, ಮತ್ತೆ ಯಾವ ನಾರು ಸೇರಿಸ್ತಾರೆ ಅನ್ನೋದು ಅಷ್ಟು ಮುಖ್ಯ ಆಗೋದು.

ಕಾಟನ್ ಸೇರಿದ್ರೆ ಮುಟ್ಟೋಕೆ ಹಿತ, ಹೆಣೆಯೋಕೂ ಸಲೀಸು. ಆದರೆ ಹತ್ತಿಗೂ ಎಳೆತ ಕಡಿಮೆನೇ, ಎರಡೂ ಉಣ್ಣೆಗಿಂತ ಭಾರ, ಹಾಗಾಗಿ ಬಟ್ಟೆ ತೂಕ ಬರತ್ತೆ. ವಿಸ್ಕೋಸ್ (ಮರದ ತಿರುಳಿನಿಂದ ಮಾಡೋ ನಾರು) ಸೇರಿದ್ರೆ ಹೊಳಪು, ನೀರಿನ ಥರ ಇಳಿಯೋ ಫಾಲ್, ಮೈಮೇಲೆ ತಣ್ಣಗೆ. ಆದ್ರೆ ವಿಸ್ಕೋಸ್ ಒದ್ದೆ ಆದಾಗ ಹೆಚ್ಚುಕಮ್ಮಿ ಅರ್ಧ ಬಲ ಕಳ್ಕೊಳ್ಳತ್ತೆ, ಒಗೆದು ಹಗ್ಗದ ಮೇಲೆ ನೇತು ಹಾಕಿದ್ರೆ ಟಾಪ್ ಗೌನ್ ಆಗತ್ತೆ. ರೇಷ್ಮೆ ಜೊತೆ ಲಿನನ್ ನನಗೆ ತುಂಬಾ ಇಷ್ಟವಾದ ಜೋಡಿ, ಲಿನನ್‌ನ ಬಿರುಸು, ರೇಷ್ಮೆಯ ನಯ ಎರಡೂ ಒಂದರೊಳಗೊಂದು ಸೇರ್ಕೊಳ್ಳತ್ತೆ, ಆದ್ರೆ ದುಬಾರಿ, ಒಗೆಯೋಕೂ ನಾಜೂಕು, ಮೊದಲನೇ ಸಲಕ್ಕೆ ಬೇಡ. ಉಣ್ಣೆ-ಲಿನನ್ ಕೂಡ ಸಿಗತ್ತೆ, ಅದರಲ್ಲಿ ಎಳೆತ ವಾಪಸ್ ಬರತ್ತೆ, ಏಸಿ ರೂಮಲ್ಲಿ ಕೂರೋರಿಗೆ, ಸಂಜೆ ಹೊತ್ತು ಮೇಲೆ ಹಾಕ್ಕೊಳ್ಳೋಕೆ ಚೆನ್ನ. ಅಕ್ರಿಲಿಕ್, ಪಾಲಿಯೆಸ್ಟರ್ ಅರ್ಧಕ್ಕಿಂತ ಜಾಸ್ತಿ ಇದ್ರೆ ಬೇಸಿಗೆ ಅನ್ನೋ ಉದ್ದೇಶನೇ ಹೋಯ್ತು, ನೋಡೋಕೆ ಲಿನನ್ ಥರ ಇರಬಹುದು, ಬೆವರು ಹೀರಲ್ಲ.

ಲೆಕ್ಕ ಹೇಗೆ ಓದೋದು ಅಂತ ಒಂದು ಉದಾಹರಣೆ. ಡ್ರಾಪ್ಸ್ ಕಂಪನಿಯ ಬೆಲ್ ಅನ್ನೋ ನೂಲಲ್ಲಿ 53 ಪರ್ಸೆಂಟ್ ಕಾಟನ್, 33 ಪರ್ಸೆಂಟ್ ವಿಸ್ಕೋಸ್, 14 ಪರ್ಸೆಂಟ್ ಲಿನನ್. ಅದೇ ಕಂಪನಿಯ ಬೂಮುಲ್-ಲಿನ್ ಅನ್ನೋದರಲ್ಲಿ 53 ಪರ್ಸೆಂಟ್ ಕಾಟನ್, 47 ಪರ್ಸೆಂಟ್ ಲಿನನ್. ಎರಡರಲ್ಲೂ ಕಾಟನ್ ಅಷ್ಟೇ ಇದೆ ನೋಡಿ, ಆದ್ರೂ ಮೊದಲನೇದು ಮೆತ್ತಗೆ ಬಳುಕೋ ಬಟ್ಟೆ ಕೊಡತ್ತೆ, ಎರಡನೇದು ಗರಿಗರಿಯಾಗಿ ನಿಲ್ಲೋ ಬಟ್ಟೆ ಕೊಡತ್ತೆ. ಲಿನನ್ 15 ಪರ್ಸೆಂಟ್‌ಗಿಂತ ಕಡಿಮೆ ಇದ್ರೆ ಅದು ಹೆಚ್ಚಾಗಿ ನೋಟಕ್ಕೆ, ಸ್ವಲ್ಪ ಒರಟು ಟೆಕ್ಸ್ಚರ್‌ಗೆ ಅಂತ ತಿಳ್ಕೊಳ್ಳಿ, ಲಿನನ್‌ನ ನಿಜವಾದ ಗುಣ ಬೇಕು ಅಂದ್ರೆ ಮೂವತ್ತರ ಮೇಲಾದ್ರೂ ಇರಬೇಕು ಅನ್ನೋದು ನನ್ನ ಅಭಿಪ್ರಾಯ. ನಿಮಗೆ ನಾನು ಹೇಳೋದು 30ರಿಂದ 50 ಪರ್ಸೆಂಟ್ ಲಿನನ್ ಇರೋ ಕಾಟನ್ ಮಿಕ್ಸ್, ಡಿಕೆ ದಪ್ಪದ್ದು, ಅಂದ್ರೆ ತೀರಾ ಸಣ್ಣವೂ ಅಲ್ಲದ ದಪ್ಪವೂ ಅಲ್ಲದ ನೂಲು. ಅದಕ್ಕಿಂತ ದಪ್ಪ ಹೋದ್ರೆ ಟಾಪ್ ಭಾರ ಆಗತ್ತೆ, ತೀರಾ ಸಣ್ಣದು ತಗೊಂಡ್ರೆ ಮುಗಿಯೋದರೊಳಗೆ ಬೇಸಿಗೆ ಮುಗಿದಿರತ್ತೆ.

ಇನ್ನೊಂದು ಮಾತು. ಅಂಗಡಿಯಲ್ಲಿ ಉಂಡೆ ಒತ್ತಿ ನೋಡಿ ಇದು ಒರಟು ಅಂತ ಬಿಟ್ಟು ಬರಬೇಡಿ. ಲಿನನ್ ಏನು ಅಂತ ಗೊತ್ತಾಗೋದು ಒಗೆದ ಮೇಲೇನೆ. ಒಂದೇ ಒಂದು ಉಂಡೆ ತಂದು, ಚಿಕ್ಕ ತುಂಡು ಹೆಣೆದು, ಎರಡು ಮೂರು ಸಲ ಒಗೆದು ಒಣಗಿಸಿ, ಆ ತುಂಡನ್ನ ಕತ್ತಿನ ಹತ್ತಿರ ಸ್ವಲ್ಪ ಹೊತ್ತು ಇಟ್ಕೊಳ್ಳಿ. ಚುಚ್ಚದೇ ಇದ್ರೆ ಬಾಕಿ ಉಂಡೆಗಳನ್ನ ತನ್ನಿ, ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತಿನ ನಂಬರ್) ಬರ್ಕೊಂಡು ಹೋಗಿ.

ಪ್ರಶ್ನೆ: ಕಾಟನ್-ಲಿನನ್‌ನಲ್ಲಿ ಟಾಪ್ ಹೆಣೆದೆ ಮೇಡಂ. ಮುಗಿಸಿದ ದಿನ ಅಳತೆ ಕರೆಕ್ಟಾಗಿತ್ತು. ಹಾಕ್ಕೊಂಡು ಒಂದು ದಿನ ಓಡಾಡಿದ್ದಕ್ಕೆ ಸೊಂಟದ ಹತ್ತಿರ ಇದ್ದದ್ದು ತೊಡೆ ತನಕ ಬಂದಿದೆ, ಕತ್ತು ಅಗಲ ಆಗಿ ಭುಜದಿಂದ ಜಾರ್ತಿದೆ. ಅಳತೆ ನೋಡೋಕೆ ಮೊದಲೇ ಹೆಣೆಯೋ ಚಿಕ್ಕ ತುಂಡು, ಸ್ವಾಚ್ ಕೂಡ ಮಾಡಿದ್ದೆ! ಬಿಚ್ಚೋದೊಂದೇ ದಾರಿನಾ?

ಉತ್ತರ: ಸ್ವಾಚ್ ಮಾಡಿದ್ರಿ ಸರಿ, ಅದನ್ನ ಒಗೆದು ನೇತು ಹಾಕಿದ್ರಾ? ಪತ್ರದಲ್ಲಿ ಬರೆದಿಲ್ಲ, ಬಹುಶಃ ಇಲ್ಲ ಅನ್ಸತ್ತೆ, ಉಣ್ಣೆಯಲ್ಲಿ ಅಭ್ಯಾಸ ಇರೋರು ಯಾರೂ ಹಾಕಲ್ಲ ಯಾಕಂದ್ರೆ ಅಲ್ಲಿ ಅದರ ಅಗತ್ಯ ಬರೋದು ಕಡಿಮೆ. ಉಣ್ಣೆ ಎಳೆದ್ರೆ ವಾಪಸ್ ಹೋಗತ್ತೆ. ಲಿನನ್, ಕಾಟನ್ ಎರಡೂ ಒಂದ್ಸಲ ಕೆಳಗಿಳಿದ್ರೆ ತಾವಾಗೇ ಮೇಲೆ ಬರಲ್ಲ, ಅದರ ಜೊತೆಗೆ ಇಡೀ ಟಾಪ್‌ನ ತೂಕ ಭುಜದ ಆ ಎರಡು ಗೆರೆ ಮೇಲೆ ನಿಂತಿರತ್ತೆ. ಕೈಯಗಲ ಸ್ವಾಚ್‌ಗೆ ತೂಕನೇ ಇಲ್ಲ, ಅದು ಟೇಬಲ್ ಮೇಲೆ ಮಲಗಿದ್ದಾಗ ನಿಮಗೆ ಹೇಗೆ ನಿಜ ಹೇಳತ್ತೆ?

ಮುಂದಿನ ಸಲಕ್ಕೆ ಹೀಗೆ ಮಾಡಿ. ಕನಿಷ್ಠ 15 ಸೆಂಟಿಮೀಟರ್ ಅಗಲ, 15 ಉದ್ದದ ತುಂಡು ಹೆಣೆಯಿರಿ, ಅದರೊಳಗೆ ಬೇರೆ ಬಣ್ಣದ ದಾರದಲ್ಲಿ ಉದ್ದಕ್ಕೂ ಅಡ್ಡಕ್ಕೂ 10 ಸೆಂಟಿಮೀಟರ್ ಗುರುತು ಹಾಕ್ಕೊಳ್ಳಿ. ಟಾಪ್ ಹೇಗೆ ಒಗೀತೀರೋ ಹಾಗೇ ಅದನ್ನೂ ಒಗೀರಿ, ಮಷೀನ್‌ಗೆ ಹಾಕೋರಾದ್ರೆ ಮಷೀನ್‌ಗೆ ಹಾಕಿ. ಒಣಗಿದ ಮೇಲೆ ಮೇಲಂಚಿಗೆ ಕ್ಲಿಪ್ ಹಾಕಿ ನೇತು ಹಾಕಿ, ಕೆಳ ಅಂಚಿಗೆ ನಾಲ್ಕೈದು ಬಟ್ಟೆ ಕ್ಲಿಪ್ ಸಾಲಾಗಿ ಸಿಕ್ಕಿಸಿ ಒಂದು ದಿನ ಪೂರ್ತಿ ಹಾಗೇ ಬಿಡಿ. ಆಮೇಲೆ ನೇತಾಡ್ತಿರೋವಾಗಲೇ ಅಳತೆ ತಗೊಳ್ಳಿ. 10 ಇದ್ದದ್ದು 11 ಆಗಿದೆ ಅಂದ್ರೆ ನಿಮಗೆ 55 ಸೆಂಟಿಮೀಟರ್ ಉದ್ದದ ಟಾಪ್ ಬೇಕಿದ್ರೆ 50ಕ್ಕೇ ನಿಲ್ಲಿಸಬೇಕು. ಅಗಲದಲ್ಲೂ ಅಳೀರಿ, ಉದ್ದ ಇಳಿದಾಗ ಅಗಲ ಸಾಮಾನ್ಯವಾಗಿ ಸ್ವಲ್ಪ ಒಳಗೆ ಬಂದಿರತ್ತೆ. ಒಂದು ದಿನ ಕಾಯೋದು ಬೇಜಾರು ಅನ್ನೋರಿಗೆ ಹೇಳೋದಿಷ್ಟೇ, ಪೂರ್ತಿ ಟಾಪ್ ಬಿಚ್ಚೋಕೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯತ್ತೆ, ಮನಸ್ಸಿಗೆ ಆಗೋ ನೋವು ಬೇರೆ.

ಈಗ ಕೈಯಲ್ಲಿರೋ ಟಾಪ್ ಉಳಿಸೋಣ. ಮೊದಲು ಒಗೆದು, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಸಮತಟ್ಟಾದ ಜಾಗದಲ್ಲಿ ಹರಡಿ ಕೈಯಿಂದ ಉದ್ದವನ್ನ ಮೇಲಕ್ಕೆ ಒತ್ತುತ್ತಾ ಅಳತೆಗೆ ತನ್ನಿ, ಹಾಗೇ ಒಣಗಲಿ. ಲೇಬಲ್‌ನಲ್ಲಿ ಡ್ರೈಯರ್ ಗುರುತು ಇದ್ರೆ ಸ್ವಲ್ಪ ಹೊತ್ತು ಡ್ರೈಯರ್ ಕೂಡ ಬಿಗಿ ಮಾಡತ್ತೆ. ಆದ್ರೆ ಇಷ್ಟಕ್ಕೇ ಬಿಟ್ರೆ ಮತ್ತೆ ಇಳಿಯತ್ತೆ, ಅದಕ್ಕೆ ಒಳಗಡೆಯಿಂದ ಒಂದು ಭುಜದ ತುದಿಯಿಂದ ಕತ್ತಿನ ಹಿಂದಿನ ಭಾಗ ದಾಟಿ ಇನ್ನೊಂದು ಭುಜದ ತುದಿವರೆಗೂ ಅದೇ ನೂಲಲ್ಲಿ ಕ್ರೋಶೆ ಕಡ್ಡಿಯಿಂದ ಸ್ಲಿಪ್ ಸ್ಟಿಚ್ (ಚೈನ್ ಥರ ಕಾಣೋ ಸಾಲು) ಬಿಗಿಯಾಗಿ ಹಾಕಿ. ಈ ಒಂದು ಸಾಲು ಇಡೀ ಟಾಪ್‌ನ ಭಾರ ಹೊರತ್ತೆ, ಕತ್ತು ಜಾರೋದೂ ನಿಲ್ಲತ್ತೆ. ಆಮೇಲೂ ಉದ್ದ ಅನ್ಸಿದ್ರೆ, ಮೇಲಿಂದ ಕೆಳಗೆ ಹೆಣೆದಿದ್ದಾದ್ರೆ ಕೆಳಗಿಂದ ಬೇಕಾದಷ್ಟು ಸಾಲು ಬಿಚ್ಚಿ ಮತ್ತೆ ಮುಚ್ಚಿಬಿಡಿ, ಬಿಚ್ಚೋದು ಅಷ್ಟೇ.

ಪ್ರಶ್ನೆ: ರೌಂಡಾಗಿ ಹೆಣೆದ ಟಾಪ್ ಒಗೆದ ಮೇಲೆ ಒಂದೇ ದಿಕ್ಕಿಗೆ ತಿರುಚ್ಕೊಂಡಿದೆ, ಪಕ್ಕದಲ್ಲಿ ಬರಬೇಕಾದ ಗೆರೆ ಹೊಟ್ಟೆ ಮೇಲೆ ಬಂದಿದೆ. ನಾನು ಹೆಣೆದಿದ್ದರಲ್ಲಿ ತಪ್ಪಾ, ನೂಲಿನ ತಪ್ಪಾ?

ಉತ್ತರ: ನೂಲಿನದ್ದು, ನೀವು ಸರಿಯಾಗೇ ಹೆಣೆದಿದೀರಿ. ಒಂದೇ ಎಳೆಯನ್ನ ಒಂದೇ ಕಡೆ ತಿರುಚಿ ಮಾಡಿರೋ ನೂಲು ಆ ತಿರುವನ್ನ ಬಿಚ್ಚಿಕೊಳ್ಳೋಕೆ ನೋಡ್ತಾನೇ ಇರತ್ತೆ, ನೀರು ತಾಗಿದಾಗಂತೂ ಇನ್ನೂ ಜಾಸ್ತಿ. ಉಣ್ಣೆಗೆ ಎಳೆತ ಇರೋದ್ರಿಂದ ಬ್ಲಾಕಿಂಗ್‌ನಲ್ಲಿ (ಒದ್ದೆ ಮಾಡಿ ಅಳತೆಗೆ ಹರಡಿ ಒಣಗಿಸೋದು) ಎಷ್ಟೋ ಸರಿ ಹೋಗತ್ತೆ, ಲಿನನ್ ಬಗ್ಗಲ್ಲ, ಇಡೀ ಬಟ್ಟೆನೇ ಅದು ವಾರೆ ಮಾಡತ್ತೆ.

ತಗೊಳ್ಳೋಕೆ ಮುಂಚೆ ಕಂಡುಹಿಡಿಯೋದು ಸುಲಭ. ಉಂಡೆಯಿಂದ ಒಂದು ಮೊಳ ನೂಲು ಎಳೆದು, ಎರಡು ತುದಿ ಒಟ್ಟಿಗೆ ಹಿಡಿದು ಮಧ್ಯದ ಭಾಗ ಕೆಳಗೆ ಜೋಲಾಡೋಕೆ ಬಿಡಿ. ಸುಮ್ಮನೆ ನಿಂತ್ರೆ ತಿರುವು ಸಮತೋಲದಲ್ಲಿದೆ. ತನ್ನಷ್ಟಕ್ಕೇ ಸುರುಳಿ ಸುತ್ತಿಕೊಂಡು ಜಡೆ ಆದ್ರೆ ವಾರೆ ಆಗೋ ಸಾಧ್ಯತೆ ಇದೆ. ಎರಡು ಮೂರು ಎಳೆ ಸೇರಿಸಿ ಎದುರು ದಿಕ್ಕಿಗೆ ತಿರುಚಿದ್ದು ಅಥವಾ ಸಣ್ಣ ಟ್ಯೂಬ್ ಥರ, ಚೈನ್ ಥರ ಹೆಣೆದು ಮಾಡಿದ ನೂಲಾದ್ರೆ ಈ ಕಾಟ ಕಡಿಮೆ, ಬೇಸಿಗೆ ನೂಲುಗಳಲ್ಲಿ ಈ ಚೈನ್ ನೂಲು ನಿಜಕ್ಕೂ ಒಳ್ಳೇದು, ಒಳಗೆ ಟೊಳ್ಳಿರೋದ್ರಿಂದ ಹಗುರ ಕೂಡ.

ಈಗಾಗಲೇ ಒಂಟಿ ಎಳೆ ನೂಲು ತಂದಿಟ್ಟಿದೀರಾ ಅಂದ್ರೆ ಬಿಸಾಕಬೇಡಿ. ಅದರಲ್ಲಿ ಪ್ಲೇನ್ ಸ್ಟಾಕಿನೆಟ್ (ಒಂದು ಕಡೆ ಪೂರ್ತಿ ಸೀದಾ, ಇನ್ನೊಂದು ಕಡೆ ಉಲ್ಟಾ ಕಾಣೋ ಸಾದಾ ಹೆಣಿಗೆ) ಮಾಡಬೇಡಿ ಅಷ್ಟೇ. ಗಾರ್ಟರ್, ಸೀಡ್ ಸ್ಟಿಚ್, ಅಂದ್ರೆ ನಿಟ್ (ಸೀದಾ ಸ್ಟಿಚ್), ಪರ್ಲ್ (ಉಲ್ಟಾ ಸ್ಟಿಚ್) ಎರಡೂ ಸಮ ಬರೋ ಡಿಸೈನ್ ಹಾಕಿ, ಒಂದರ ಎಳೆತವನ್ನ ಇನ್ನೊಂದು ತಡೆಯತ್ತೆ. ಮುಂದೆ ಹಿಂದೆ ಬೇರೆ ಬೇರೆ ಹೆಣೆದು ಪಕ್ಕದಲ್ಲಿ ಹೊಲಿದ್ರೂ ಆ ಹೊಲಿಗೆ ಬಟ್ಟೆಯನ್ನ ಹಿಡಿದು ನಿಲ್ಲಿಸತ್ತೆ. ಈಗ ಆಗಿರೋ ಟಾಪ್‌ಗೆ ಪೂರ್ತಿ ಪರಿಹಾರ ಅಂತ ಇಲ್ಲ, ಇಸ್ತ್ರಿ ಮಾಡಿ ನೇರ ಮಾಡಬಹುದು, ಮುಂದಿನ ಒಗೆತಕ್ಕೆ ಮತ್ತೆ ತಿರುಗತ್ತೆ.

ಪ್ರಶ್ನೆ: ಲಿನನ್ ಹೆಣೆಯೋಕೆ ಶುರು ಮಾಡಿದ ಮೇಲೆ ಬೆರಳು, ಮಣಿಕಟ್ಟು ನೋವು. ಹಗ್ಗ ಹೆಣೆದ ಹಾಗಿದೆ. ಅಷ್ಟು ಕಷ್ಟಪಟ್ರೂ ಸ್ಟಿಚ್‌ಗಳು ಒಂದು ದೊಡ್ಡದು ಒಂದು ಚಿಕ್ಕದು.

ಉತ್ತರ: ಬಿಗಿ ಹಿಡೀತಿದೀರಿ. ನೂಲು ಜಾರತ್ತೆ ಅಂತ ಬೆರಳಿಗೆ ಎರಡು ಸುತ್ತು ಹಾಕಿ ಎಳೆಯೋದು ಎಲ್ಲರೂ ಮಾಡ್ತಾರೆ, ಎಳೆದಷ್ಟೂ ಕೈ ಸೋಲತ್ತೆ ಹೊರತು ಈ ನೂಲು ಹಿಗ್ಗಲ್ಲ. ಸ್ಟೀಲ್ ಕಡ್ಡಿ ಬಿಟ್ಟು ಮರದ್ದೋ ಬಿದಿರಿಂದೋ ತಗೊಳ್ಳಿ, ಅದರ ಮೇಲೆ ಜಾರೋದು ಕಡಿಮೆ ಆದ್ರೆ ನೀವೇ ಕೈ ಸಡಿಲ ಬಿಡ್ತೀರಿ. ತುದಿ ತೀರಾ ಮೊಂಡಾಗಿರೋದು ಬೇಡ, ಆದ್ರೆ ಎಳೆ ಸೀಳೋ ನೂಲಿಗೆ ತೀರಾ ಚೂಪೂ ಬೇಡ. ಸಾಲು ಬಿಟ್ಟು ಸಾಲು ಸಡಿಲ ಕಾಣ್ತಿದ್ರೆ ನಿಮ್ಮ ಪರ್ಲ್ ಸಾಲು ನಿಟ್‌ಗಿಂತ ಸಡಿಲ ಬರ್ತಿದೆ ಅಂತ ಅರ್ಥ, ಪರ್ಲ್ ಸಾಲಿಗೆ ಮಾತ್ರ ಅರ್ಧ ಸೈಜ್ ಚಿಕ್ಕ ಕಡ್ಡಿ ಹಾಕಿ ನೋಡಿ. ಕಡ್ಡಿ ಮೇಲಿರೋವಾಗ ಕಾಣೋ ಏರುಪೇರಲ್ಲಿ ಎಷ್ಟೋ ಒಗೆದು ಸ್ಟೀಮ್ ಕೊಟ್ಟ ಮೇಲೆ ಸಮ ಆಗತ್ತೆ, ಆದ್ದರಿಂದ ಪ್ರತಿ ಸಾಲಿಗೂ ನಿಲ್ಲಿಸಿ ನೋಡ್ತಾ ಕೂರಬೇಡಿ. ನೋವು ಬಂದ್ರೆ ಮಾತ್ರ ನಿಲ್ಲಿಸಿ, ಅದನ್ನ ತಡ್ಕೊಂಡು ಹೆಣೆಯೋದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಒಂದೇ ದಿನ ತುಂಬಾ ಹೊತ್ತು ಕೂರೋ ಬದಲು ಸ್ವಲ್ಪ ಸ್ವಲ್ಪ ಮಾಡಿ, ಬಿಡುವು ಕೊಟ್ರೂ ಕಡಿಮೆ ಆಗದ ನೋವಾದ್ರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಉಣ್ಣೆಗೆ ಬರೆದ ಪ್ಯಾಟರ್ನ್ ಲಿನನ್ ಮಿಕ್ಸ್‌ನಲ್ಲಿ ಮಾಡಬಹುದಾ? ಪ್ಯಾಟರ್ನ್‌ನಲ್ಲಿ 400 ಗ್ರಾಂ ಅಂತಿದೆ, ಅಷ್ಟೇ ತಗೊಂಡ್ರೆ ಸಾಕಾ?

ಉತ್ತರ: ಗ್ರಾಂ ಲೆಕ್ಕ ಬೇಡ, ಮೀಟರ್ ಲೆಕ್ಕ ಹಿಡೀರಿ. ಲಿನನ್, ಕಾಟನ್ ನಾರು ಉಣ್ಣೆಗಿಂತ ತೂಕ, ಅದೇ ದಪ್ಪದ ನೂಲಾದ್ರೆ ಅದೇ 50 ಗ್ರಾಂನಲ್ಲಿ ಸಿಗೋ ಉದ್ದ ಸಾಮಾನ್ಯವಾಗಿ ಕಡಿಮೆ ಇರತ್ತೆ. ಪ್ಯಾಟರ್ನ್‌ಗೆ ಒಟ್ಟು 1000 ಮೀಟರ್ ಬೇಕು, ನಿಮ್ಮ ಉಂಡೆ 120 ಮೀಟರ್‌ದು ಅಂದ್ರೆ ಎಂಟೂ ಚಿಲ್ಲರೆ, ಅಂದ್ರೆ ಒಂಬತ್ತು ಉಂಡೆ, ಸ್ವಾಚ್‌ಗೆ ಅಂತ ಇನ್ನೊಂದು.

ಇನ್ನು ಮಾಡಬಹುದಾ ಅನ್ನೋದು ಪ್ಯಾಟರ್ನ್ ಮೇಲೆ ಹೋಗತ್ತೆ. ಮೈಗೆ ಅಂಟೋ ಹಾಗೆ, ರಿಬ್ (ನಿಟ್, ಪರ್ಲ್ ಪಕ್ಕಪಕ್ಕ ಬಂದು ಹಿಗ್ಗಿ ಕುಗ್ಗೋ ಹೆಣಿಗೆ) ಹಿಡಿತದ ಮೇಲೇ ನಿಂತಿರೋ ಸ್ವೆಟರ್ ಆದ್ರೆ ಬೇಡ. ಕೇಬಲ್ (ಜಡೆ ಥರದ ಡಿಸೈನ್) ತುಂಬಿರೋದೂ ಬೇಡ, ಭಾರ ಆಗತ್ತೆ, ಕೈಗೂ ಹಿಂಸೆ. ಮೈಯಳತೆಗಿಂತ 5ರಿಂದ 10 ಸೆಂಟಿಮೀಟರ್ ಸಡಿಲ ಇರೋ ಸರಳ ಆಕಾರದ್ದು, ಲೇಸ್ ಡಿಸೈನ್ ಇರೋದು ಲಿನನ್‌ನಲ್ಲಿ ತುಂಬಾ ಚೆಂದ ಬರತ್ತೆ, ಪ್ರತಿ ತೂತೂ ಸ್ಪಷ್ಟವಾಗಿ ಕಾಣತ್ತೆ. ಕಾರ್ಡಿಗನ್ ಮಾಡೋದಾದ್ರೆ ಪಕ್ಕದ ಹೊಲಿಗೆ ಇರೋ ಪ್ಯಾಟರ್ನ್ ಹುಡುಕಿ.

ಪ್ರಶ್ನೆ: ಕೆಳಗಡೆ ಹಾಕಿದ ರಿಬ್ ಬಾಯಿ ಬಿಟ್ಕೊಂಡು ಅಲೆ ಅಲೆಯಾಗಿ ನಿಂತಿದೆ.

ಉತ್ತರ: ಲಿನನ್‌ನಲ್ಲಿ ರಿಬ್ ಹಿಡ್ಕೊಳ್ಳಲ್ಲ. ಎರಡು ಸೈಜ್ ಚಿಕ್ಕ ಕಡ್ಡಿಯಲ್ಲಿ ಟ್ವಿಸ್ಟೆಡ್ ರಿಬ್ (ಸ್ಟಿಚ್ ತಿರುಚಿ ಹಾಕೋ ರಿಬ್) ಹಾಕಿದ್ರೆ ಸ್ವಲ್ಪ ಪರವಾಗಿಲ್ಲ, ನನ್ನ ಕೇಳಿದ್ರೆ ರಿಬ್ ಬಿಟ್ಟು ಗಾರ್ಟರ್ ಅಂಚು ಅಥವಾ ಒಳಗೆ ಮಡಚಿ ಹೊಲಿಯೋ ಅಂಚು ಮಾಡಿ.

ಪ್ರಶ್ನೆ: ಮನೆಗೆ ಪುಟ್ಟ ಪಾಪು ಬರ್ತಿದೆ. ಲಿನನ್ ಮಿಕ್ಸ್‌ನಲ್ಲಿ ಏನಾದ್ರೂ ಹೆಣೀಬಹುದಾ?

ಉತ್ತರ: ಖಂಡಿತ, ಕಾಟನ್ ಜಾಸ್ತಿ ಇರಲಿ, 70ಕ್ಕೆ 30ರ ಹಾಗೆ, ಮತ್ತೆ ಕೊಡೋಕೆ ಮುಂಚೆ ನಾಲ್ಕೈದು ಸಲ ಒಗೆದು ಮೆತ್ತಗೆ ಮಾಡಿ. ತೂತು ತೂತಿನ ಲೇಸ್ ಬೇಡ, ಪುಟ್ಟ ಬೆರಳು ಸಿಕ್ಕಿಹಾಕ್ಕೊಳ್ಳತ್ತೆ, ಲಿನನ್ ದಾರ ಸುಲಭಕ್ಕೆ ತುಂಡೂ ಆಗಲ್ಲ. ಒಳಗಡೆ ಉದ್ದ ದಾರದ ತುದಿ ಬಿಡಬೇಡಿ.

ಪ್ರಶ್ನೆ: ನೂಲಿನ ತುದಿಗಳು ಎಷ್ಟು ಸೇರಿಸಿ ಹೊಲಿದ್ರೂ ಈಚೆ ಬರ್ತವೆ. ಉಣ್ಣೆ ಥರ ಒದ್ದೆ ಮಾಡಿ ಉಜ್ಜಿ ಸೇರಿಸೋಕೂ ಆಗಲ್ಲ, ಏನ್ಮಾಡೋದು?

ಉತ್ತರ: ಉಜ್ಜಿ ಸೇರಿಸೋದು ಉಣ್ಣೆಗೆ ಮಾತ್ರ, ಅದರ ನಾರಿನ ಮೇಲೆ ಹುರುಪೆ ಇರತ್ತೆ, ಲಿನನ್ ನಾರು ನುಣುಪು. ಹೊಸ ಉಂಡೆಯನ್ನ ಯಾವಾಗಲೂ ಅಂಚಿನಲ್ಲೇ ಶುರು ಮಾಡಿ, ನಡುವೆ ಬೇಡ. ತುದಿ 15 ಸೆಂಟಿಮೀಟರ್‌ಗಿಂತ ಕಡಿಮೆ ಬಿಡಬೇಡಿ. ಮೂರು ನಾಲ್ಕು ಎಳೆ ಇರೋ ನೂಲಾದ್ರೆ ತುದಿಯನ್ನ ಎರಡು ಭಾಗ ಸೀಳಿ, ಒಂದನ್ನ ಒಂದು ದಿಕ್ಕಿಗೆ ಇನ್ನೊಂದನ್ನ ಬೇರೆ ದಿಕ್ಕಿಗೆ ಹೊಲಿಗೆಯ ಒಳಗೆ ಪೋಣಿಸಿ, ಒಂದ್ಸಲ ತಿರುಗಿಸಿ ವಾಪಸ್ ತನ್ನಿ. ಪೂರ್ತಿ ಒಗೆದು ಒಣಗಿದ ಮೇಲೇನೆ ಕತ್ತರಿ ಹಾಕಿ.

ಉಂಡೆಯ ವಿಷಯ ಬಂತಲ್ಲ, ಲಡಿಯಲ್ಲಿ ಬರೋ ಲಿನನ್ ನೂಲನ್ನ ಒಳಗಿಂದ ಎಳೆಯೋ ಉಂಡೆಯಾಗಿ ಸುತ್ತಿದ್ರೆ ಅರ್ಧ ಮುಗಿಯೋದರೊಳಗೆ ಕುಸಿದು ಗಂಟಾಗತ್ತೆ. ಹೊರಗಿಂದ ಬಿಚ್ಚೋ ಹಾಗೆ ಗುಂಡಗೆ ಸುತ್ತಿ, ಒಂದು ಚಿಕ್ಕ ಚೀಲದಲ್ಲಿ ಹಾಕಿಟ್ಕೊಳ್ಳಿ.

ಪ್ರಶ್ನೆ: ಲೇಬಲ್ ಕಳೆದುಹೋಗಿರೋ ಹಳೇ ನೂಲಿದೆ, ಲಿನನ್ ಅಂತ ಕೊಟ್ಟಿದ್ರು. ಕಂಡುಹಿಡಿಯೋಕೆ ಆಗತ್ತಾ?

ಉತ್ತರ: ಸುಟ್ಟು ನೋಡಿದ್ರೆ ಒಂದು ಮಟ್ಟಿಗೆ ಗೊತ್ತಾಗತ್ತೆ. ಬೆರಳುದ್ದ ತುಂಡನ್ನ ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಕೊಂಡು, ಸಿಂಕ್ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ, ಮುಟ್ಟಿದ್ರೆ ಪುಡಿಯಾಗೋ ಬೂದಿ ಬಂದ್ರೆ ಗಿಡದಿಂದ ಬಂದ ನಾರು, ಕೂದಲು ಸುಟ್ಟ ವಾಸನೆ ಬಂದ್ರೆ ಉಣ್ಣೆನೋ ರೇಷ್ಮೆನೋ ಇದೆ, ಕರಗಿ ಗಟ್ಟಿ ಮಣಿ ಆದ್ರೆ ಸಿಂಥೆಟಿಕ್ ಇದೆ. ಆದ್ರೆ ಕಾಟನ್, ವಿಸ್ಕೋಸ್, ಲಿನನ್ ಮೂರೂ ಒಂದೇ ಥರ ಸುಡತ್ತೆ. ಅಲ್ಲಿಂದ ಮುಂದೆ ಒಂದು ಎಳೆ ಬಿಡಿಸಿ ನಾರು ನೋಡಿ, ಲಿನನ್ ನಾರು ಉದ್ದಕ್ಕೆ, ನೇರವಾಗಿ, ಬಿರುಸಾಗಿರತ್ತೆ, ಹತ್ತಿಯದು ಗಿಡ್ಡ, ಮೃದು. ನೀರಲ್ಲಿ ನೆನೆಸಿ ಎಳೆದಾಗ ಒಣಗಿದ್ದಾಗಿನಕ್ಕಿಂತ ಸುಲಭವಾಗಿ ಕಿತ್ತು ಬಂದ್ರೆ ವಿಸ್ಕೋಸ್ ಜಾಸ್ತಿ ಇದೆ.

ಪ್ರಶ್ನೆ: ಒಗೆಯೋದು, ಇಸ್ತ್ರಿ ಮಾಡೋದು ಹೇಗೆ? ಗಾಢ ನೀಲಿ ಬಣ್ಣದ್ದು ಹೆಣೆದಿದೀನಿ, ಕತ್ತಿನ ಹತ್ತಿರ ಬಿಳಿ ಪಟ್ಟಿ ಇದೆ, ಬಣ್ಣ ಬಿಡತ್ತೇನೋ ಅಂತ ಭಯ.

ಉತ್ತರ: ಭಯ ಸರಿಯಾಗೇ ಇದೆ, ಆದ್ರೆ ಟಾಪ್ ನೀರಿಗೆ ಹಾಕೋಕೆ ಮುಂಚೆ ಉಳಿದಿರೋ ನೀಲಿ ನೂಲಿನ ತುಂಡನ್ನ ಒದ್ದೆ ಮಾಡಿ ಬಿಳಿ ಬಟ್ಟೆ ಮಧ್ಯೆ ಒತ್ತಿಡಿ. ಬಟ್ಟೆಗೆ ಬಣ್ಣ ಹತ್ತಲಿಲ್ಲ ಅಂದ್ರೆ ನಿಶ್ಚಿಂತೆಯಿಂದ ಒಗೀರಿ. ಹತ್ತಿದ್ರೆ ತಣ್ಣೀರಲ್ಲಿ, ಸೌಮ್ಯವಾದ ಲಿಕ್ವಿಡ್ ಹಾಕಿ ಬೇಗ ಬೇಗ ಒಗೆದು ತೆಗೀರಿ, ನೆನೆಸಿಡಬೇಡಿ, ಒದ್ದೆ ಇರೋವಾಗ ಮಡಚಿ ಇಡಬೇಡಿ, ಬಿಳಿ ಪಟ್ಟಿ ನೀಲಿಗೆ ತಾಗದ ಹಾಗೆ ಮಧ್ಯೆ ಟವೆಲ್ ಹಾಕಿ ಹರಡಿ. ಹಿಂಡೋದು ಬೇಡ, ಲಿನನ್‌ಗೆ ಬಿದ್ದ ಗೆರೆ ಹೋಗೋದು ಕಷ್ಟ. ಇಸ್ತ್ರಿ ಸ್ವಲ್ಪ ತೇವ ಇರೋವಾಗಲೇ, ಒಳಮೈ ಕಡೆಯಿಂದ, ಕಾಟನ್-ಲಿನನ್ ಆದ್ರೆ ಬಿಸಿ ಜಾಸ್ತಿ ಇದ್ರೂ ನಡಿಯತ್ತೆ, ರೇಷ್ಮೆ, ವಿಸ್ಕೋಸ್ ಇದ್ರೆ ಬಿಸಿ ತಗ್ಗಿಸಿ, ಅಕ್ರಿಲಿಕ್ ಇದ್ರೆ ಇಸ್ತ್ರಿಪೆಟ್ಟಿಗೆ ಹತ್ತಿರಾನೂ ತರಬೇಡಿ, ಒಂದ್ಸಲ ಬಿಸಿ ತಾಗಿ ಸತ್ತುಹೋದ ಅಕ್ರಿಲಿಕ್ ಮತ್ತೆ ಸರಿ ಆಗಲ್ಲ. ಎತ್ತಿಡೋವಾಗ ಹ್ಯಾಂಗರ್ ಬೇಡ, ಮಡಚಿ ಶೆಲ್ಫ್‌ನಲ್ಲಿಡಿ.